ಕೊಟ್ಟವರ ಗುರುತು



ದೇವರಿಗೆ ನಮ್ಮ ಪೂಜೆಯಿಂದ ಆಗಬೇಕಾದ್ದೇನು? ನಾಸ್ತಿಕರಷ್ಟೇ ಈ ಪ್ರಶ್ನೆ ಕೇಳುತ್ತಾರೆ ಎಂದುಕೊಳ್ಳಬೇಡಿ. ತಿಪಟೂರಿನ ಮಾರುಕಟ್ಟೆಯಲ್ಲಿ ಕೊಬ್ಬರಿ ಚೀಲಕ್ಕೆ ಒರಗಿಕೊಂಡು ಇವತ್ತಿನ ಬೆಲೆ ಎಷ್ಟೆಂದು ಕಾಯುವ ರೈತರ ಬಾಯಲ್ಲೂ ಇದು ಬರುತ್ತದೆ. "ಮಳೆ ಕೊಟ್ಟೋನೂ ಅವನೇ, ಮರ ಕೊಟ್ಟೋನೂ ಅವನೇ. ನಾವು ಒಡೆಯೋ ಒಂದು ಕಾಯಿ ಅವನಿಗೆ ಯಾವ ಲೆಕ್ಕ ಸ್ವಾಮಿ?" ಈ ಮಾತಿನಲ್ಲಿ ಭಕ್ತಿಯೂ ಇದೆ, ಸ್ವಲ್ಪ ಕುಚೋದ್ಯವೂ ಇದೆ.

ಕ್ರೈಸ್ತರ ಪವಿತ್ರ ಗ್ರಂಥದ 50ನೇ ಕೀರ್ತನೆಯಲ್ಲಿ ದೇವರು ಹೆಚ್ಚುಕಡಿಮೆ ಇದನ್ನೇ ತನ್ನ ಕಡೆಯಿಂದ ಕೇಳುತ್ತಾನೆ. ಕಾಡಿನ ಮೃಗಗಳೆಲ್ಲ ನನ್ನವಾಗಿರುವಾಗ ನನಗೆ ಹಸಿವಾದರೆ ನಿಮಗೇಕೆ ಹೇಳಲಿ, ಹೋರಿಯ ಮಾಂಸ ತಿನ್ನುವವನೇ ನಾನು, ಎಂದು ಗದರಿಸಿ, ಕೊನೆಗೆ ಕೇಳುವುದು ಒಂದನ್ನೇ: ಕೃತಜ್ಞತೆಯ ಕಾಣಿಕೆ. ಕಥೋಲಿಕರ ಬಲಿಪೂಜೆಯಲ್ಲಿ, ಅಂದರೆ ಚರ್ಚಿನ ಭಾನುವಾರದ ಪೂಜೆಯಲ್ಲಿ, ಗುರುಗಳು ಹೇಳುವ ಸ್ತುತಿಗಳಲ್ಲೊಂದು ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತದೆ. ನಮ್ಮ ಹೊಗಳಿಕೆಯಿಂದ ದೇವರ ಹಿರಿಮೆಗೆ ಕೂಡಿಕೆಯಾಗುವುದೇನಿಲ್ಲ, ವಂದಿಸಬೇಕೆಂಬ ಬುದ್ಧಿ ನಮಗೆ ಬಂದದ್ದೂ ಆತನ ಕೊಡುಗೆಯೇ, ಅದರ ಫಲವೆಲ್ಲ ನಮಗೇ ಎಂಬುದು ಅದರ ತಾತ್ಪರ್ಯ. ದೇವರ ಎದುರು ನಿಂತು, ಪೂಜೆಯ ನಡುವೆಯೇ, ಈ ಪೂಜೆ ನಿನಗೆ ಬೇಕಾಗಿಲ್ಲ ಎಂದು ಒಪ್ಪಿಕೊಳ್ಳುವ ಧೈರ್ಯ ನನಗೆ ಬಹಳ ಹಿಡಿಸುತ್ತದೆ.

ಫಲ ನಮಗೇ ಎಂದಾದರೆ, ಯಾವ ಫಲ? ಒಳ್ಳೆಯ ಬೆಳೆಯೇ, ಆರೋಗ್ಯವೇ? ನನಗೆ ತಿಳಿದ ಮಟ್ಟಿಗೆ ಹೇಳುವುದಾದರೆ, ತಿಳಿವಳಿಕೆ. ಕೃತಜ್ಞತೆ ಇಲ್ಲದವನನ್ನು ನಾವು ಒರಟ ಎನ್ನುತ್ತೇವೆ, ಸಂಸ್ಕಾರ ಇಲ್ಲದವನು ಎನ್ನುತ್ತೇವೆ. ಕಥೋಲಿಕ ಪರಂಪರೆ ಅವನನ್ನು ಅದಕ್ಕಿಂತ ಮೊದಲು ತಿಳಿಯದವನು ಎನ್ನುತ್ತದೆ. ತನ್ನ ಕೈಯಲ್ಲಿರುವುದು ಎಲ್ಲಿಂದ ಬಂತೆಂಬುದೇ ಅವನಿಗೆ ಗೊತ್ತಿಲ್ಲ.

13ನೇ ಶತಮಾನದ ಸಂತ ಥಾಮಸ್ ಅಕ್ವೀನಾಸರು ತಮ್ಮ 'ಸುಮ್ಮಾ ಥಿಯೊಲಾಜಿಕಾ'ದಲ್ಲಿ ಕೃತಜ್ಞತೆಯನ್ನು ನ್ಯಾಯದ ಬಳಗಕ್ಕೆ ಸೇರಿಸುತ್ತಾರೆ. ಸೌಜನ್ಯದ ಸಾಲಿನಲ್ಲಿ ಅದನ್ನು ಕೂರಿಸಿಬಿಡಲಿಲ್ಲ. ಪಡೆದದ್ದನ್ನು ಪಡೆದದ್ದೆಂದು ಗುರುತಿಸುವುದು ಮೊದಲ ಮೆಟ್ಟಿಲು. ಬಾಯಿಬಿಟ್ಟು ವಂದಿಸುವುದು ಎರಡನೆಯದು. ಕಾಲ ಬಂದಾಗ, ಶಕ್ತಿ ಇದ್ದಷ್ಟು ಹಿಂದಕ್ಕೆ ಸಲ್ಲಿಸುವುದು ಮೂರನೆಯದು. ಕೃತಘ್ನತೆಗೂ ಹೀಗೆಯೇ ಮೂರು ಮೆಟ್ಟಿಲು, ಆದರೆ ಇಳಿಯುವ ಕಡೆಗೆ. ತೀರಿಸದೆ ಇರುವವನಿಗಿಂತ ಬಾಯಿಬಿಡದೆ ಇರುವವನು ಕೆಳಗೆ. ಪಡೆದದ್ದನ್ನೇ ಗುರುತಿಸದೆ ಮರೆತವನು ಎಲ್ಲರಿಗಿಂತ ಕೆಳಗೆ. ಸಂತ ಪೌಲರು ರೋಮಿನವರಿಗೆ ಬರೆದ ಪತ್ರದ ಮೊದಲ ಅಧ್ಯಾಯದಲ್ಲೂ ಇದೇ ಕ್ರಮ. ಜನ ದೇವರನ್ನು ಅರಿತಿದ್ದರೂ ವಂದಿಸಲಿಲ್ಲ, ಆಮೇಲೆ ಅವರ ಯೋಚನೆ ಜೊಳ್ಳಾಯಿತು, ಮನಸ್ಸು ಮಂಕಾಯಿತು. ಉಪಕಾರಸ್ಮರಣೆ ಹೋದ ಮೇಲೆ ಬುದ್ಧಿಯೂ ಅದರ ಹಿಂದೆ ಹೋಯಿತು ಎಂದ ಹಾಗೆ.

ಉಪ್ಪಿಟ್ಟವರನ್ನು ಮುಪ್ಪಿನ ತನಕ ನೆನೆ ಎಂಬ ಗಾದೆ ನಮ್ಮಲ್ಲಿ ಎಲ್ಲರಿಗೂ ಗೊತ್ತು. ಅದರಲ್ಲಿ ತೀರಿಸು ಎಂಬ ಮಾತೇ ಇಲ್ಲ, ನೆನೆ ಎಂದಷ್ಟೇ ಇದೆ. ಅಕ್ವೀನಾಸರಿಗೆ ಈ ಗಾದೆ ಕೇಳಿಸಿದ್ದರೆ ತಲೆದೂಗುತ್ತಿದ್ದರು.

ಈ ಗುರುತಿಸುವಿಕೆ ನಮ್ಮ ತೆಂಗಿನ ಸೀಮೆಯಲ್ಲಿ ಎಷ್ಟು ಸುಲಭ, ಎಷ್ಟು ಕಷ್ಟ ಎಂಬುದನ್ನು ನೋಡೋಣ. ಬೇರೆ ಜಿಲ್ಲೆಗಳ ಕೇಳುಗರಿಗೆ ಒಂದಿಷ್ಟು ವಿವರ ಕೊಡಬೇಕು. ಕೇರಳದ ಕಡೆ ಕಾಯಿಯನ್ನು ಹೋಳು ಮಾಡಿ, ಬಿಸಿಲಿಗೋ ಹೊಗೆಗೂಡಿಗೋ ಹಾಕಿ ಒಣಗಿಸಿ ಎಣ್ಣೆಗೆ ಕಳಿಸುತ್ತಾರೆ. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಯ ರೈತನಿಗೆ ಆ ಅವಸರ ಇಲ್ಲ. ಬಲಿತ ಕಾಯಿಯನ್ನು ಸಿಪ್ಪೆ ಸಮೇತ ಅಟ್ಟಕ್ಕೆ ಹಾಕುತ್ತಾನೆ. ಅಲ್ಲಿ ಅದು ಎಂಟು ತಿಂಗಳಿಂದ ಒಂದು ವರ್ಷ ಕೂರಬೇಕು. ಒಳಗಿನ ನೀರು ತಾನಾಗಿ ಇಂಗಬೇಕು, ತಿರುಳು ಚಿಪ್ಪಿನಿಂದ ತಾನಾಗಿ ಬಿಡಬೇಕು, ಅಲ್ಲಾಡಿಸಿದರೆ ಒಳಗೆ ಗಡಗಡ ಎನ್ನಬೇಕು. ಆಗ ಸುಲಿದು, ಚಿಪ್ಪು ಒಡೆದು, ಬಿರುಕು ಬಿಡದಂತೆ ಇಡೀ ಉಂಡೆಯನ್ನು ತೆಗೆಯುತ್ತಾರೆ. ಆ ಉಂಡೆ ಕೊಬ್ಬರಿಯ ಬಹುಪಾಲು ಉತ್ತರ ಭಾರತಕ್ಕೆ ಹೋಗುತ್ತದೆ, ಅಲ್ಲಿನ ಹಬ್ಬಗಳಿಗೆ, ಸಿಹಿತಿಂಡಿಗಳಿಗೆ, ದೇವರ ಪ್ರಸಾದಕ್ಕೆ.

ಒಂದು ಉಂಡೆಯ ಹಿಂದೆ ಎಷ್ಟು ಜನ ಇದ್ದಾರೆ ಲೆಕ್ಕ ಹಾಕಿ. ಕಾಯಿ ಕಿತ್ತವರು, ಹೊತ್ತು ಅಟ್ಟಕ್ಕೆ ಏರಿಸಿದವರು, ಸುಲಿದವರು, ಚಿಪ್ಪು ಒಡೆದ ಹೆಂಗಸರು, ಚೀಲ ತುಂಬಿದವರು, ತೂಗಿದ ಹಮಾಲಿಗಳು. ಇವರೆಲ್ಲರ ಹಿಂದೆ ಇನ್ನೊಬ್ಬನಿದ್ದಾನೆ, ಅವನು ಬಹಳ ಸಲ ಬದುಕಿಲ್ಲ. ನಮ್ಮ ಸೀಮೆಯ ಎತ್ತರದ ತಳಿ ಫಲ ಬಿಡಲು ಆರೇಳು ವರ್ಷ ಬೇಕು; ಬಿಡಲು ಶುರುವಾದರೆ ಅರವತ್ತು ವರ್ಷ ದಾಟಿಯೂ ಬಿಡುತ್ತದೆ. ಇವತ್ತು ನಾವು ಎಣಿಸುವ ದುಡ್ಡು ತಾತ ಹಾಕಿದ ತೋಟದ್ದು. ಸಸಿ ಹೊತ್ತು ತಂದವನು, ಬೇಸಿಗೆಯಲ್ಲಿ ಕೊಡದಲ್ಲಿ ನೀರು ಹುಯ್ದವನು ಆತ. ಅವನಿಗೆ ಈಗ ಕೂಲಿ ಕೊಡಲಾಗುವುದಿಲ್ಲ. ಆದ್ದರಿಂದ ನೆನೆಯುತ್ತೇವೆ. ಮಾರ್ನಮಿ ಹೊತ್ತಿಗೆ ಹಿಂದೂ ಮನೆಗಳಲ್ಲಿ ಹಿರಿಯರಿಗೆ ಎಡೆ ಇಡುತ್ತಾರೆ. ಕಥೋಲಿಕರು ನವೆಂಬರ್ 2ರಂದು ಸಮಾಧಿಗಳನ್ನು ಗುಡಿಸಿ, ಹೂವಿಟ್ಟು, ಮೋಂಬತ್ತಿ ಹಚ್ಚಿ, ಸತ್ತವರ ಹೆಸರು ಹೇಳಿ ಬಲಿಪೂಜೆ ಅರ್ಪಿಸುತ್ತಾರೆ. ಎರಡರ ಹಿಂದಿನ ದೈವಶಾಸ್ತ್ರ ಬೇರೆ ಬೇರೆ, ಅದನ್ನು ಕಲಬೆರಕೆ ಮಾಡುವ ಉತ್ಸಾಹ ನನಗಿಲ್ಲ. ಆದರೆ ತೋಟ ನನ್ನಿಂದ ಶುರುವಾದದ್ದಲ್ಲ ಎಂಬ ಅರಿವು ಎರಡು ಕಡೆಯೂ ಒಂದೇ.

ಪವಿತ್ರ ಗ್ರಂಥದ ಧರ್ಮೋಪದೇಶಕಾಂಡದ 26ನೇ ಅಧ್ಯಾಯದಲ್ಲಿ ಒಬ್ಬ ರೈತ ಬರುತ್ತಾನೆ. ಹೊಸ ಬೆಳೆಯ ಮೊದಲ ಫಲವನ್ನು ಬುಟ್ಟಿಯಲ್ಲಿಟ್ಟುಕೊಂಡು ದೇವರ ಸನ್ನಿಧಿಗೆ ಹೋಗಬೇಕು. ಹೋಗಿ, ಬುಟ್ಟಿ ಇಳಿಸಿ ಕೈಮುಗಿದು ಬಂದರೆ ಸಾಲದು. ಬಾಯಿಬಿಟ್ಟು ತನ್ನ ಮನೆತನದ ಕಥೆ ಹೇಳಬೇಕು: ನನ್ನ ಹಿರಿಯ ನೆಲೆಯಿಲ್ಲದೆ ಅಲೆಯುತ್ತಿದ್ದವನು, ಈಜಿಪ್ಟಿನಲ್ಲಿ ನಾವು ಜೀತದಲ್ಲಿದ್ದೆವು, ಬಿಡುಗಡೆಯಾಗಿ ಈ ನೆಲಕ್ಕೆ ಬಂದೆವು, ಇಗೋ ಈ ನೆಲದ ಫಲ. ಕಥೆ ಮುಗಿದ ಮೇಲೆ ಆ ಸಂತೋಷದಲ್ಲಿ ಊರಿನ ಪರದೇಶಿಯನ್ನೂ ಸೇರಿಸಿಕೊಳ್ಳಬೇಕು. ಪೂಜೆಯಲ್ಲಿ ಇತಿಹಾಸದ ಪಾಠ ಒಪ್ಪಿಸುವ ಈ ವಿಧಿ ಎಷ್ಟು ಜಾಣತನದ್ದು! ತೋಟ ಇದ್ದವನು ತೋಟ ಇಲ್ಲದಿದ್ದ ಕಾಲವನ್ನು ವರ್ಷಕ್ಕೊಮ್ಮೆಯಾದರೂ ತನ್ನ ಬಾಯಿಂದಲೇ ಹೇಳಬೇಕಾಗುತ್ತದೆ.

ನಮ್ಮ ಮೂರು ತಾಲ್ಲೂಕಿನವರು ಅಂಥ ಬುಟ್ಟಿ ಹೊತ್ತು ಹೋದರೆ ಯಾವ ಕಥೆ ಹೇಳಬೇಕು? ನನ್ನನ್ನು ಕೇಳಿದರೆ, ಅದರಲ್ಲಿ ಶೆಟ್ಟಿಹಳ್ಳಿಯ ಹೆಸರು ಬರಬೇಕು.

ಶೆಟ್ಟಿಹಳ್ಳಿ ಹಾಸನ ಜಿಲ್ಲೆಯ ಊರು. 19ನೇ ಶತಮಾನದಲ್ಲಿ ಫ್ರೆಂಚ್ ಮಿಷನರಿಗಳು ಅಲ್ಲಿ ಜಪಮಾಲೆ ಮಾತೆಯ ಹೆಸರಿನಲ್ಲಿ ಒಂದು ದೊಡ್ಡ ಚರ್ಚ್ ಕಟ್ಟಿದರು. ಎತ್ತರದ ಕಮಾನುಗಳ ಗೋಥಿಕ್ ಶೈಲಿಯ ಕಟ್ಟಡ. ಸುತ್ತಲಿನ ಕನ್ನಡ ಕ್ರೈಸ್ತ ಒಕ್ಕಲುಗಳು ಅಲ್ಲಿ ಮದುವೆಯಾದರು, ಮಕ್ಕಳಿಗೆ ಸ್ನಾನದೀಕ್ಷೆ ಕೊಡಿಸಿದರು, ಸತ್ತವರನ್ನು ಅಲ್ಲಿಂದ ಕಳಿಸಿಕೊಟ್ಟರು. ಗೊರೂರಿನಲ್ಲಿ, ಅಂದರೆ ನಮ್ಮ ಸಾಹಿತಿ ರಾಮಸ್ವಾಮಿ ಅಯ್ಯಂಗಾರರ ಗೊರೂರಿನಲ್ಲಿ, ಹೇಮಾವತಿಗೆ ಅಣೆಕಟ್ಟು ಬಂತು. 1979ರಲ್ಲಿ ಅದು ಮುಗಿಯಿತು. ಹಿನ್ನೀರು ಏರಿತು. ಹಲವು ಹಳ್ಳಿಗಳ ಜೊತೆ ಶೆಟ್ಟಿಹಳ್ಳಿಯೂ ಎದ್ದು ಹೋಗಬೇಕಾಯಿತು. ಚರ್ಚ್ ಮಾತ್ರ ಅಲ್ಲೇ ಉಳಿಯಿತು. ಮಳೆಗಾಲದಲ್ಲಿ ಅರ್ಧ ಮುಳುಗುತ್ತದೆ, ಬೇಸಿಗೆಯಲ್ಲಿ ಬುಡದವರೆಗೆ ಕಾಣುತ್ತದೆ. ಚಾವಣಿ ಇಲ್ಲ, ಗೋಡೆಗಳು ಒಂದೊಂದಾಗಿ ಕುಸಿಯುತ್ತಿವೆ. ಈಗ ಅಲ್ಲಿಗೆ ಹೋಗುವವರಲ್ಲಿ ಫೋಟೊ ತೆಗೆಸಿಕೊಳ್ಳುವವರೇ ಹೆಚ್ಚು. ಮದುವೆಗೆ ಮುಂಚೆ ಜೋಡಿಗಳು ಬಂದು ಪಾಳುಗೋಡೆಗೆ ಒರಗಿ ನಿಲ್ಲುತ್ತಾರೆ. ಅವರನ್ನು ದೂರುವಂಥದ್ದೇನೂ ಇಲ್ಲ, ಜಾಗ ಚೆನ್ನಾಗಿಯೇ ಕಾಣುತ್ತದೆ.

ಆ ಹೇಮಾವತಿಯ ನೀರು ಎಲ್ಲಿಗೆ ಹೋಯಿತು? ಎಡದಂಡೆ ನಾಲೆಯಲ್ಲಿ ಹರಿದು, ಬಾಗೂರು ನವಿಲೆಯ ಸುರಂಗ ನುಗ್ಗಿ, ತಿಪಟೂರು, ತುರುವೇಕೆರೆ, ಗುಬ್ಬಿಯ ಕಡೆಗೆ, ತುಮಕೂರಿನವರೆಗೆ ಬಂತು. ನಾಲೆ ಬಂದ ಕಡೆ ಕೆರೆ ತುಂಬಿತು, ಕೆರೆ ತುಂಬಿದ ಕಡೆ ಕೊಳವೆಬಾವಿಗೆ ಜೀವ ಬಂತು, ತೆಂಗು ಉಳಿಯಿತು. ನಾಲೆ ನಮ್ಮ ಪಾಲಿಗೆ ಯಾಕೆ ಬರಲಿಲ್ಲ ಎಂದು ಚಿಕ್ಕನಾಯಕನಹಳ್ಳಿಯ ಎಷ್ಟೋ ಹಳ್ಳಿಗಳು ವರ್ಷಗಟ್ಟಲೆ ಕೇಳಿದವು. ಆ ಕೇಳಿಕೆ ನ್ಯಾಯವಾದದ್ದೇ. ನೀರಿಗಾಗಿ ನಾವು ಜಗಳವಾಡಿದ್ದೇವೆ, ಧರಣಿ ಕೂತಿದ್ದೇವೆ, ನೀರು ಬಂದಾಗ ಕೆರೆಗೆ ಬಾಗಿನ ಬಿಟ್ಟಿದ್ದೇವೆ. ಮುಳುಗಿದ ಊರುಗಳ ಹೆಸರನ್ನು ಒಂದು ಸಲವಾದರೂ ಬಾಗಿನದ ದಿನ ಗಟ್ಟಿಯಾಗಿ ಹೇಳಿದ್ದನ್ನು ನಾನು ಕೇಳಿಲ್ಲ. ಪಡೆದದ್ದನ್ನು ಗುರುತಿಸದೆ ಇರುವುದು ಎಂದರೆ ಇದೇ. ಯಾರೂ ಕೆಟ್ಟವರಲ್ಲ, ಗೊತ್ತಿಲ್ಲ ಅಷ್ಟೆ.

ಇನ್ನು ಬಲಿಪೂಜೆಯ ಮಾತಿಗೆ ಬರುತ್ತೇನೆ. ನಮ್ಮ ತುಮಕೂರು ಜಿಲ್ಲೆ ಬೆಂಗಳೂರು ಮಹಾಧರ್ಮಕ್ಷೇತ್ರಕ್ಕೆ ಸೇರಿದ್ದು. ಈ ಸೀಮೆಯಲ್ಲಿ ಕಥೋಲಿಕರು ಕಡಿಮೆ. 1963ರ ಡಿಸೆಂಬರಿನಲ್ಲಿ ಎರಡನೆಯ ವ್ಯಾಟಿಕನ್ ಮಹಾಸಭೆ ಆಯಾ ನಾಡಿನ ಭಾಷೆಯಲ್ಲಿ ಪೂಜೆ ನಡೆಸಲು ದಾರಿ ತೆರೆಯುವ ತನಕ ಪೂಜೆಯೆಲ್ಲ ಲ್ಯಾಟಿನ್ ಭಾಷೆಯಲ್ಲಿತ್ತು. ಹಳ್ಳಿಯ ಜನ ಅರ್ಥ ತಿಳಿಯದೆ ಮೊಣಕಾಲೂರಿ ಜಪಮಾಲೆ ಎಣಿಸುತ್ತಿದ್ದರು. ಆಮೇಲೆ ಕನ್ನಡ ಬಂತು.

ಪೂಜೆಯ ನಡುವೆ ರೊಟ್ಟಿಯನ್ನೂ ದ್ರಾಕ್ಷಾರಸವನ್ನೂ ಎತ್ತಿ ಹಿಡಿಯುವಾಗ ಗುರುಗಳು ಅವು ಭೂಮಿ ಕೊಟ್ಟದ್ದು ಮತ್ತು ಮನುಷ್ಯರ ಕೈ ದುಡಿದದ್ದು ಎಂದು ಎರಡನ್ನೂ ಹೆಸರಿಸುತ್ತಾರೆ. ಗೋಧಿಯನ್ನೋ ದ್ರಾಕ್ಷಿಯನ್ನೋ ಹಾಗೇ ತಂದು ಇಡುವುದಿಲ್ಲ, ಬೀಸಿ, ಸುಟ್ಟು, ಹಿಂಡಿ, ಕೈ ಸೋತ ಮೇಲೆ ಬಂದದ್ದನ್ನು ಇಡುತ್ತಾರೆ. ಆಮೇಲೆ ಗುರುಗಳು ಎಲ್ಲರನ್ನೂ ವಂದಿಸಲು ಕರೆಯುತ್ತಾರೆ, ಅದು ಯುಕ್ತ, ನ್ಯಾಯ ಎಂದು ಜನ ಒಪ್ಪುತ್ತಾರೆ. ಸಂಜೆಯ ಹಾಡೋ ಕಣ್ಣೀರೋ ಬಂದು ಮನಸ್ಸು ಕರಗಿದಾಗ ವಂದಿಸಿದರೆ ಸಾಕು ಎಂದು ಯಾರೂ ಹೇಳುವುದಿಲ್ಲ. ಮನಸ್ಸು ಇರಲಿ ಬಿಡಲಿ, ಭಾನುವಾರ ಬಂದರೆ ವಂದನೆ ಸಲ್ಲಬೇಕು. ಇದನ್ನು ಯಾಂತ್ರಿಕ ಎಂದು ಹಂಗಿಸುವವರಿದ್ದಾರೆ. ಆದರೆ ಮನಸ್ಸಿಗೆ ಬಿಟ್ಟರೆ ನಾವು ನೆನೆಯುವುದು ಬಂದದ್ದನ್ನಲ್ಲ, ಬರಬೇಕಾದ ಬಾಕಿಯನ್ನು. ಅದಕ್ಕೇ ಅಭ್ಯಾಸ ಬೇಕು. ಕಥೋಲಿಕರ ಬೈಬಲ್ಲಿನಲ್ಲಿರುವ 'ಜ್ಞಾನಗ್ರಂಥ'ದ 16ನೇ ಅಧ್ಯಾಯ, ಸೂರ್ಯ ಹುಟ್ಟುವುದಕ್ಕೆ ಮೊದಲೇ ಎದ್ದು ವಂದಿಸಬೇಕು ಎನ್ನುತ್ತದೆ. ಮರುಭೂಮಿಯಲ್ಲಿ ದೇವರು ಆಕಾಶದಿಂದ ಸುರಿಸಿದ, ಬಿಸಿಲು ಬಿದ್ದರೆ ಕರಗಿಹೋಗುವ 'ಮನ್ನ' ಎಂಬ ಊಟವನ್ನು ನೆನಪಿಸಿಕೊಂಡು ಹೇಳಿದ ಮಾತದು. ಯೇಸುಸಭೆಯನ್ನು ಕಟ್ಟಿದ ಸಂತ ಇಗ್ನಾಸಿಯವರು ತಮ್ಮವರಿಗೆ ಕಲಿಸಿದ ದಿನದ ಆತ್ಮಪರೀಕ್ಷೆಯೂ ಪಾಪದ ಪಟ್ಟಿಯಿಂದ ಶುರುವಾಗುವುದಿಲ್ಲ, ಪಡೆದ ಉಪಕಾರಗಳಿಗೆ ವಂದನೆಯಿಂದ ಶುರುವಾಗುತ್ತದೆ.

ಲೂಕನ ಶುಭಸಂದೇಶದ ಹತ್ತು ಕುಷ್ಠರೋಗಿಗಳ ಕಥೆ ನಿಮಗೆ ಗೊತ್ತಿರಬಹುದು. ಹೋಗಿ ಯಾಜಕರಿಗೆ ಮೈ ತೋರಿಸಿ ಎಂದರು ಯೇಸು. ದಾರಿಯಲ್ಲೇ ಹತ್ತೂ ಜನಕ್ಕೆ ವಾಸಿಯಾಯಿತು. ಒಬ್ಬ, ಅದೂ ಪರಕೀಯನಾದ ಸಮಾರ್ಯದವನು, ತಿರುಗಿ ಬಂದು ಕಾಲಿಗೆ ಬಿದ್ದ. ಉಳಿದ ಒಂಬತ್ತು ಜನರನ್ನು ಉಪದೇಶಕರು ಚೆನ್ನಾಗಿ ಬೈಯುತ್ತಾರೆ. ಆದರೆ ಆ ಒಂಬತ್ತು ಜನ ಹೇಳಿದ್ದನ್ನು ಹೇಳಿದಂತೆ ಮಾಡಿದವರು. ಯಾಜಕರ ಹತ್ತಿರ ಹೋಗಿ, ಬೇಕಾದ ವಿಧಿ ಮುಗಿಸಿ, ಮನೆಗೆ ಹೋಗಿರಬೇಕು. ಶಾಸ್ತ್ರ ಮಾಡಿದವರಿಗೆ ಗುರುತು ಸಿಗಲಿಲ್ಲ. ಅರ್ಧ ದಾರಿಯಲ್ಲಿ ನಿಂತು ತನ್ನ ಕೈಯನ್ನು ನೋಡಿಕೊಂಡವನಿಗೆ ಸಿಕ್ಕಿತು. ನನ್ನಂಥ ವಾರವಾರ ತಪ್ಪದೆ ಚರ್ಚಿಗೆ ಹೋಗುವವರಿಗೆ ಈ ಕಥೆ ಸ್ವಲ್ಪ ಚುಚ್ಚಬೇಕು.

ಹರಕೆಯ ವಿಚಾರವೂ ಇಲ್ಲೇ ಬರುತ್ತದೆ. ಕೃಷ್ಣರಾಜನಗರದ ಬಳಿ ಡೋರ್ನಹಳ್ಳಿಯಲ್ಲಿ ಸಂತ ಅಂತೋಣಿಯವರ ಚರ್ಚ್ ಇದೆ. ರೈತನೊಬ್ಬ ಹೊಲ ಉಳುವಾಗ ನೇಗಿಲಿಗೆ ಸಿಕ್ಕ ವಿಗ್ರಹದಿಂದ ಅದು ಬೆಳೆಯಿತೆಂದು ಐತಿಹ್ಯ. ಜೂನ್ 13ರ ಹಬ್ಬಕ್ಕೆ ಎಲ್ಲ ಜಾತಿ ಮತದ ಜನ ಹರಕೆ ತೀರಿಸಲು ಬರುತ್ತಾರೆ. ಮಗು ಹುಟ್ಟಿದರೆ ಇಷ್ಟು, ಕೇಸು ಗೆದ್ದರೆ ಇಷ್ಟು. ಕಲಿತವರು ಇದನ್ನು ವ್ಯಾಪಾರ ಎನ್ನುತ್ತಾರೆ. ನನಗೆ ಹರಕೆಯ ಮೇಲೆ ಸಿಟ್ಟಿಲ್ಲ, ಆಡಿದ ಮಾತನ್ನು ಮರೆಯದೆ ಬಂದು ತೀರಿಸುವವನು ಪ್ರಾಮಾಣಿಕ. ಕೇಳದೆಯೇ ಬಂದದ್ದರ ಲೆಕ್ಕ ಮಾತ್ರ ಹರಕೆಯಲ್ಲಿ ಇರುವುದಿಲ್ಲ. ಕಣ್ಣು, ಕೈಕಾಲು, ತಾತನ ತೋಟ, ಇವಕ್ಕೆ ನಾವ್ಯಾರೂ ಹರಕೆ ಹೊತ್ತಿರಲಿಲ್ಲ.

ಹೀಗೆ ಕೇಳದೆ ಬಂದದ್ದಕ್ಕೆ ವಂದಿಸಲು ಕರಾವಳಿಯ ಕೊಂಕಣಿ ಕಥೋಲಿಕರಿಗೆ ಒಂದು ಚೆಂದದ ಹಬ್ಬವಿದೆ. ಸೆಪ್ಟೆಂಬರ್ 8, ಮಾತೆ ಮರಿಯಳ ಹುಟ್ಟುಹಬ್ಬ, ಮೊಂತಿ ಫೆಸ್ತ್. ಒಂಬತ್ತು ದಿನ ಮಕ್ಕಳು ಹೂವು ತಂದು ಪುಟ್ಟ ಮರಿಯಳಿಗೆ ಅರ್ಪಿಸುತ್ತಾರೆ, ಹಬ್ಬದ ದಿನ ಹೊಸ ತೆನೆ ಆಶೀರ್ವಾದವಾಗುತ್ತದೆ, ಅದರ ಅಕ್ಕಿಯನ್ನು ಮನೆಯ ಹಿರಿಯರು ಎಲ್ಲರಿಗೂ ಹಂಚುತ್ತಾರೆ. ಫರಂಗಿಪೇಟೆಯ ಮೊಂತೆ ಮರಿಯಾನೊ ಗುಡ್ಡದ ಚರ್ಚಿಗೂ ಈ ಹಬ್ಬಕ್ಕೂ ಹಳೆಯ ನಂಟು. ಅಂದು ಮೀನುಮಾಂಸ ಇಲ್ಲದ ಊಟ, ಅದೂ ಮಂಗಳೂರಿನವರ ಮನೆಯಲ್ಲಿ! ಪ್ರೊಟೆಸ್ಟೆಂಟ್ ಸಭೆಗಳ ಸುಗ್ಗಿ ಹಬ್ಬದಲ್ಲಿ ತಂದ ಕಾಣಿಕೆಗಳನ್ನು ಹರಾಜು ಹಾಕುತ್ತಾರೆ, ಒಂದು ಕುಂಬಳಕಾಯಿ ಪೇಟೆಯ ಹತ್ತರಷ್ಟು ಬೆಲೆಗೆ ಹೋಗಿ ಎಲ್ಲರೂ ನಗುತ್ತಾರೆ.

ಇಷ್ಟೆಲ್ಲ ಹೇಳಿದ ಮೇಲೆ ಒಂದು ತಕರಾರನ್ನು ಎದುರಿಸಲೇಬೇಕು. ಬರ ಬಿದ್ದಾಗ ಏನಂತ ವಂದಿಸುವುದು? 2016, 17ರ ಬರದಲ್ಲಿ ಈ ಸೀಮೆಯಲ್ಲಿ ಸುಳಿ ಬಾಗಿ ಒಣಗಿ ನಿಂತ ತೆಂಗಿನ ಮರಗಳನ್ನು ನೋಡಿದವರು ಈ ಪ್ರಶ್ನೆ ಕೇಳಿದರೆ ಅದು ಕುಚೋದ್ಯವಲ್ಲ. ನುಸಿ ಬಂತು, ಕಪ್ಪುತಲೆ ಹುಳು ಬಂತು, ಕಾಂಡದಿಂದ ರಸ ಸೋರಿತು. 2023ರಲ್ಲಿ ಉಂಡೆ ಕೊಬ್ಬರಿಗೆ ಕ್ವಿಂಟಲಿಗೆ 11,750 ರೂಪಾಯಿ ಬೆಂಬಲ ಬೆಲೆ ನಿಗದಿಯಾಗಿದ್ದರೂ ಮಾರುಕಟ್ಟೆ ಬೆಲೆ ಅದರ ಕೆಳಗೆ ಬಿದ್ದು ರೈತರು ಬೀದಿಗಿಳಿದರು. 2025ರಲ್ಲಿ ಅದೇ ಕೊಬ್ಬರಿ 20,000 ದಾಟಿತು, ಆದರೆ ಅಷ್ಟರಲ್ಲಿ ಎಷ್ಟೋ ಅಟ್ಟಗಳಲ್ಲಿ ಕಾಯಿಯೇ ಇರಲಿಲ್ಲ. ಹಬಕ್ಕೂಕನೆಂಬ ಪ್ರವಾದಿ ಇಂಥದ್ದನ್ನು ಕಂಡವನು. ಅಂಜೂರ ಹೂ ಬಿಡದಿದ್ದರೂ, ದ್ರಾಕ್ಷಿಬಳ್ಳಿ ಬರಿದಾದರೂ, ಹಟ್ಟಿಯಲ್ಲಿ ದನ ಇಲ್ಲದಿದ್ದರೂ ದೇವರಲ್ಲಿ ಆನಂದಿಸುತ್ತೇನೆ ಎಂಬ ಧಾಟಿಯಲ್ಲಿ ತನ್ನ ಪುಸ್ತಕ ಮುಗಿಸುತ್ತಾನೆ. ಬರಕ್ಕೆ ಅವನು ವಂದಿಸಲಿಲ್ಲ ಎಂಬುದನ್ನು ಗಮನಿಸಬೇಕು. ಹೋದದ್ದನ್ನೆಲ್ಲ ಒಂದೊಂದಾಗಿ ಹೆಸರಿಸಿ ಎಣಿಸಿದ, ಕಷ್ಟವನ್ನು ಮುಚ್ಚಿಡಲಿಲ್ಲ.

ದೇವರಿಗೆ ವಂದಿಸಿದವನು ಕಡಿಮೆ ಬೆಲೆ ಕೊಟ್ಟವನಿಗೂ ವಂದಿಸಿ ಮನೆಗೆ ಹೋಗಬೇಕು ಎಂದು ಯಾರಾದರೂ ಬೋಧಿಸಿದರೆ ಅದು ಮೋಸ. ಕೃತಜ್ಞತೆ ನ್ಯಾಯದ ಬಳಗದ್ದು ಎಂದು ಅಕ್ವೀನಾಸರು ಹೇಳಿದ್ದು ಇಲ್ಲಿ ಕೆಲಸಕ್ಕೆ ಬರುತ್ತದೆ. ಕೊಟ್ಟವರನ್ನು ಗುರುತಿಸಬಲ್ಲವನಿಗೆ ಕಸಿದವರ ಗುರುತೂ ಸಿಗುತ್ತದೆ. ಬೆಂಬಲ ಬೆಲೆಗಾಗಿ ರಸ್ತೆಯಲ್ಲಿ ಕೂತವನು ಭಾನುವಾರ ಪೂಜೆಯಲ್ಲೂ ಕೂರಬಹುದು, ಎರಡಕ್ಕೂ ವಿರೋಧವಿಲ್ಲ.

ಆದರೆ ಅದೇ ನ್ಯಾಯ ನಮ್ಮ ಕಡೆಗೂ ತಿರುಗುತ್ತದೆ. ಕೊಯ್ದವರ ಕೂಲಿ ಹಿಡಿದಿಟ್ಟುಕೊಂಡರೆ ಆ ಕೂಲಿಯೇ ದೇವರಿಗೆ ಮೊರೆಯಿಡುತ್ತದೆ ಎಂದು ಸಂತ ಯಾಕೋಬನ ಪತ್ರ ಎಚ್ಚರಿಸುತ್ತದೆ. 1891ರಲ್ಲಿ ಪೋಪ್ 13ನೇ ಲಿಯೊ ಕಾರ್ಮಿಕರ ಬಗ್ಗೆ ಬರೆದ 'ರೇರುಮ್ ನೊವಾರುಮ್' ಪತ್ರದಲ್ಲಿ ಅದನ್ನೇ ಮುಂದಿಟ್ಟರು. ಪೋಪ್ ಫ್ರಾನ್ಸಿಸ್ 2015ರ 'ಲಾವ್ದಾತೊ ಸೀ'ಯಲ್ಲಿ ಊಟದ ಮೊದಲು ಮತ್ತು ನಂತರ ಒಂದು ಗಳಿಗೆ ನಿಂತು ವಂದಿಸುವ ಹಳೆಯ ರೂಢಿಗೆ ಮರಳಿ ಎಂದು ಕೇಳಿಕೊಂಡಾಗ, ಆ ಅನ್ನವನ್ನು ದುಡಿದು ತಂದವರನ್ನೂ ನೆನೆಯಬೇಕೆಂದು ಸೇರಿಸಿದ್ದರು.

ಆದ್ದರಿಂದ ನನ್ನ ತೆಂಗಿನ ಸೀಮೆಯ ಬಂಧುಗಳಲ್ಲಿ, ನೀವು ಯಾವ ದೇವರಿಗೆ ಕೈಮುಗಿಯುವವರೇ ಆಗಿರಿ, ಎರಡು ಕೋರಿಕೆ. ಮುಂದಿನ ಸಲ ಕೆರೆಗೆ ಬಾಗಿನ ಬಿಡುವಾಗ ಶೆಟ್ಟಿಹಳ್ಳಿಯ ಹೆಸರನ್ನು, ಅದರ ಜೊತೆ ಮುಳುಗಿದ ಊರುಗಳ ಹೆಸರನ್ನು ಮಕ್ಕಳಿಗೆ ಹೇಳಿ. ಈ ಸಲ ಕೊಬ್ಬರಿಗೆ ಒಳ್ಳೆಯ ಬೆಲೆ ಸಿಕ್ಕರೆ, ಕಾಯಿ ಕಿತ್ತವರ, ಸುಲಿದವರ, ಚಿಪ್ಪು ಒಡೆದವರ ಕೂಲಿಯನ್ನು ಸ್ವಲ್ಪ ಏರಿಸಿ, ಅಂದಂದೇ ಕೊಟ್ಟುಬಿಡಿ.